ತೆರೆಯ ಮೂಲೆಯ ನೇರಳೆ ಕಲೆ

ಯೂನಿಯನ್ ಸಿಟಿಯಲ್ಲಿದ್ದ ಮಗಳ ಅಪಾರ್ಟ್‌ಮೆಂಟಿನಲ್ಲಿ ನನ್ನ ದೇವರ ಪೆಟ್ಟಿಗೆಗೆ ದೊರೆತ ಸ್ಥಳ ಟೆಲಿವಿಷನ್ನಿನ ಎಡಮಗ್ಗುಲು. ಪೂರ್ವಕ್ಕೆ ಮುಖಮಾಡಿ ಕೂರಲು ಬೇರೆ ಗೋಡೆಯಿರಲಿಲ್ಲ. ಪೆಟ್ಟಿಗೆಯ ಪಕ್ಕದಲ್ಲಿ ದೊಡ್ಡ ಸ್ಪೀಕರಿನ ನನ್ನ ಹಳೆಯ ಟೇಪ್‌ರೆಕಾರ್ಡರ್. ಬೆಳಗಿನ ಸಹಸ್ರನಾಮ ಅದರಿಂದಲೇ ಆಗಬೇಕು. ಸ್ನಾನವಾಗದೆ ಅದನ್ನು ಯಾರೂ ಮುಟ್ಟಬಾರದೆಂದು ಬಂದ ದಿನವೇ ಹೇಳಿದ್ದೆ. ಆ ಮನೆಯಲ್ಲಿ ನನ್ನ ಮಾತುಗಳ ಪೈಕಿ ಲೋಪವಿಲ್ಲದೆ ನಡೆದದ್ದು ಇದೊಂದೇ.

ಟೆಲಿವಿಷನ್ನು ಬೆನ್ನು ಉಬ್ಬಿದ, ಹಳೆಯ ಕಾಲದ್ದು. ಅಳಿಯನ ಹಿಂದಿನ ಸಹೋದ್ಯೋಗಿಯೊಬ್ಬರು ಕಂಪನಿ ಮುಚ್ಚಿದ್ದರಿಂದ ಊರಿಗೆ ಮರಳುವಾಗ ಬಿಟ್ಟುಹೋದದ್ದು. ನಾನು ಬಂದ ದಿನವೇ ಹತ್ತು ವರ್ಷದ ಮೊಮ್ಮಗಳಿಗೆ ಹುಟ್ಟುಹಬ್ಬಕ್ಕೆ ಟೆಲಿವಿಷನ್ನಿನಲ್ಲಿ ಆಡುವ ಗೇಮ್ ಕನ್ಸೋಲ್ ಬಂತು. ಜೋಡಿಸಿದ ಮರುದಿನ ತೆರೆಯ ಎಡಮೂಲೆಯಲ್ಲಿ ಅಂಗೈಯಗಲದ ನೇರಳೆ ಕಲೆ ಕಾಣಿಸಿತು. ಮಗಳು ಕನ್ಸೋಲನ್ನು ದೂಷಿಸಿದಳು. ನಾನು ಹೌದೆಂದು, ಇಂದ್ರಿಯನಿಗ್ರಹದ ಬಗ್ಗೆ ಎರಡು ಮಾತನ್ನೂ ಸೇರಿಸಿದೆ.

ಅಳಿಯ ಸ್ಯಾನ್ ಮಟಿಯೋದಲ್ಲಿ ಚಿಪ್ ವಿನ್ಯಾಸ ಮಾಡುವ ಎಂಜಿನಿಯರ್. ಮೊದಲು ವಿಸಿಆರ್ ಮೂಲಕ ಹೋಗುತ್ತಿದ್ದ ಕನ್ಸೋಲಿನ ವೈರುಗಳನ್ನು ಬಿಡಿಸಿ ನೇರವಾಗಿ ಟೆಲಿವಿಷನ್ನಿಗೆ ಕೊಟ್ಟರು. ಮಸುಕಾಗಿದ್ದ ಅಕ್ಷರಗಳು ತಿಳಿಯಾದವು. ಆಮೇಲೆ ಹಳದಿ ವೈರನ್ನು ತೆಗೆದು, ದುಂಡು ತಲೆಯ ಎಸ್-ವಿಡಿಯೋ ವೈರು ತಂದು ಸಿಕ್ಕಿಸಿದರು. ಆಟದ ಕೋಟೆಯ ಇಟ್ಟಿಗೆಗಳನ್ನು ಎಣಿಸುವಂತಾಯಿತು. ಕಲೆಯ ಅಂಚೂ ಗೆರೆ ಎಳೆದಷ್ಟು ನಿಚ್ಚಳವಾಯಿತು. ಅವರ ಸ್ನೇಹಿತರಿಬ್ಬರು ಬಂದು, ಕಾಫಿ ಕುಡಿದು, ಬಿಚ್ಚಬಹುದಾದದ್ದನ್ನೆಲ್ಲ ಬಿಚ್ಚಿ ಜೋಡಿಸಿದರು. ಒಬ್ಬರ ಕೈ ಟೇಪ್‌ರೆಕಾರ್ಡರಿನತ್ತ ಹೋದಾಗ ಮಗಳು ತಡೆದಳು: “ಅದು ಬೇಡ, ಅಪ್ಪನ ಮಡಿ.”

ಬರುವ ಶನಿವಾರದೊಳಗೆ ಕಲೆ ಹೋಗದಿದ್ದರೆ ಕನ್ಸೋಲು ವಾಲ್ನಟ್ ಕ್ರೀಕಿನ ಸ್ನೇಹಿತೆಯ ಮಕ್ಕಳ ಪಾಲು ಎಂದು ಮಗಳು ಘೋಷಿಸಿದಳು. ಮೊಮ್ಮಗಳು ಊಟ ಬಿಟ್ಟಳು.

ಅಷ್ಟರಲ್ಲಿ ಜ್ಞಾತಿಗಳ ಮನೆಯಲ್ಲಿ ಮಗು ಹುಟ್ಟಿದ ಸುದ್ದಿ ಫೋನಿನಲ್ಲಿ ಬಂತು. ನನಗೆ ಹತ್ತು ದಿನ ಪುರುಡು, ಪೂಜೆಯಿಲ್ಲ. ಟೇಪ್‌ರೆಕಾರ್ಡರನ್ನು ನನ್ನ ಕೋಣೆಯ ಬಟ್ಟೆಯ ಕ್ಲಾಸೆಟ್ಟಿನಲ್ಲಿಟ್ಟೆ. ಮರುದಿನ ಕಲೆ ಮಾಯವಾಯಿತು. ಹೊಸ ವೈರು ‘ಸೆಟ್ಲ್’ ಆಗಿದೆಯೆಂದು ಅಳಿಯ ವಿವರಿಸಿದರು. ಅಷ್ಟು ಓದಿದವರು ಹೇಳಿದ್ದರಿಂದ ನಂಬಿದೆವು. ಕನ್ಸೋಲು ಉಳಿಯಿತು.

ಹನ್ನೊಂದನೆಯ ದಿನ ಶನಿವಾರ. ಸ್ನಾನ ಮಾಡಿ, ಯಂತ್ರವನ್ನು ಸ್ವಸ್ಥಾನದಲ್ಲಿರಿಸಿ ಸಹಸ್ರನಾಮ ಮುಗಿಸಿದೆ. ಆಮೇಲೆ ಮೊಮ್ಮಗಳು ಆಟ ಹಾಕಿದಳು. ಕಲೆ ಮರಳಿತ್ತು. “ಸಾಕು ಕಣೆ, ಇವತ್ತೇ ಕೊಟ್ಬಿಡ್ತೀನಿ,” ಎಂದು ಮಗಳು ಡಬ್ಬ ತಂದಳು. ಹುಡುಗಿ ಕಣ್ಣೊರೆಸಿಕೊಂಡು ಕನ್ಸೋಲಿನ ವೈರು ಸುತ್ತತೊಡಗಿದಳು.

ಅವಳಿಗೆ ದಾರಿ ಬಿಡಲೆಂದು ಟೇಪ್‌ರೆಕಾರ್ಡರನ್ನು ಎತ್ತಿಕೊಂಡೆ. ಖಾಲಿ ನೀಲಿ ತೆರೆಯಲ್ಲಿ ಕಲೆ ಕುಗ್ಗಿತು. ಹತ್ತಿರ ತಂದೆ, ಹರಡಿತು. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ: ಈ ಅನ್ವಯ-ವ್ಯತಿರೇಕಗಳನ್ನು ಮೂವತ್ತು ವರ್ಷ ಪಾಠಶಾಲೆಯಲ್ಲಿ ಬೋಧಿಸಿದವನು ನಾನು. ಸುಮ್ಮನಿದ್ದಿದ್ದರೆ ನನ್ನ ಉಪದೇಶದ ಮಾನವೂ ಉಳಿಯುತ್ತಿತ್ತು, ಮನೆಯೂ ನಿಶ್ಶಬ್ದವಾಗುತ್ತಿತ್ತು. ಆ ಆಲೋಚನೆ ಬಂದೇ ಇರಲಿಲ್ಲವೆಂದು ದೇವರೆದುರು ಹೇಳಲಾರೆ.

“ಅದನ್ನ ಕೊಡಬೇಡಮ್ಮ. ತಪ್ಪು ನನ್ನ ಟೇಪ್‌ರೆಕಾರ್ಡರಿಂದು,” ಎಂದೆ.

ಅಳಿಯ ಬಗ್ಗಿ ಯಂತ್ರದ ಸ್ಪೀಕರನ್ನು ನೋಡಿದರು. “ಸ್ಪೀಕರಿನ ಮ್ಯಾಗ್ನೆಟ್ಟು, ಮಾವ. ಹತ್ತಿರ ಇಟ್ರೆ ಹಳೇ ಟೀವಿ ಬಣ್ಣ ಕೆಡುತ್ತೆ. ಎಲ್ಲಾ ಬಿಚ್ಚಿ ನೋಡಿದ್ವಿ, ಇದೊಂದನ್ನ ಬಿಟ್ಟು.”

“ಸೋ ಇಟ್ ವಾಸ್ ಯು, ತಾತ,” ಎಂದಳು ಮೊಮ್ಮಗಳು. ಇಂದ್ರಿಯನಿಗ್ರಹದ ಮಾತನ್ನು ಅವಳು ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರಾಗುತ್ತಿತ್ತು.

ಸಂಜೆ ಅವಳು ಅಳತೆ ಹಿಡಿದು, ಟೆಲಿವಿಷನ್ನಿನಿಂದ ಮೂರಡಿ ದೂರದಲ್ಲಿ ಕಾರ್ಪೆಟ್ಟಿನ ಮೇಲೆ ನೀಲಿ ಟೇಪು ಅಂಟಿಸಿದಳು. ಅದರಾಚೆಗೆ ನನ್ನ ಯಂತ್ರ ಬರಕೂಡದು. ಮರುದಿನದಿಂದ ನಾನು ಮಿಂದು ಮಡಿಯುಟ್ಟು, ಟೇಪ್‌ರೆಕಾರ್ಡರ್ ಹಿಡಿದು ಆ ಗೆರೆಯ ಈಚೆಗೇ ನಿಲ್ಲುತ್ತಿದ್ದೆ. ಸ್ನಾನವಿನ್ನೂ ಆಗದ ಮೊಮ್ಮಗಳು ಆಚೆ ಕುಳಿತು, ನಾನು ಗೆರೆ ದಾಟುವೆನೋ ಎಂದು ನೋಡುತ್ತಿದ್ದಳು.