ಮದರಂಗಿ ಬಿಟ್ಟ ಬೆರಳು

ಕೊರೋನಾ ರೋಗಿಗಳನ್ನು ಮನೆಯಲ್ಲೇ ಇಟ್ಟು ದೂರದಿಂದ ನೋಡಿಕೊಳ್ಳುವ ನಮ್ಮ ತಂಡದ ವ್ಯವಸ್ಥೆಗೆ ಪ್ರಶಸ್ತಿ ಬಂದಿತ್ತು. ನೆದರ್ಲೆಂಡ್ಸಿನ ಲೈಡನ್ನಿನ ಮನೆಯಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಸಮಾರಂಭ ನೋಡುತ್ತಿದ್ದೆ. ಕಿವಿಯೆಲ್ಲ ಪಕ್ಕದ ಕೋಣೆಯಲ್ಲಿ: ಅಲ್ಲಿ ಅದೇ ವ್ಯವಸ್ಥೆಯ ರೋಗಿ, ನನ್ನ ಅಮ್ಮಿ. ಚಪ್ಪಾಳೆಯ ನಡುವೆ ನನ್ನ ಫೋನು ಚೀರಿತು. ಅಮ್ಮಿಯ ಆಕ್ಸಿಜನ್ ಕುಸಿದಿತ್ತು.

ಓಡಿದೆ. ಅಮ್ಮಿ ಆರಾಮಾಗಿ ಚಹಾ ಕುಡಿಯುತ್ತಿದ್ದರು. ಆಕ್ಸಿಜನ್ ಅಳೆಯುವ ಬೆರಳಿನ ಕ್ಲಿಪ್ಪನ್ನು ತೆಗೆದು ಮತ್ತೆ ಹಾಕಿದರೂ ಅಂಕಿ ಏರಲಿಲ್ಲ. ಫೋನಿನಲ್ಲಿ ನರ್ಸ್ ಕೇಳಿದಳು, “ಉಗುರಿಗೆ ಬಣ್ಣ ಹಚ್ಚಿದ್ದಾರಾ?”

ಈದ್ ಎಂದು ಜ್ವರದಲ್ಲೂ ಬಿಡದೆ ಹಚ್ಚಿಕೊಂಡಿದ್ದ ಮದರಂಗಿ, ಉಗುರಿನ ಮೇಲೂ ಕಡುಗಪ್ಪಾಗಿತ್ತು! ಕ್ಲಿಪ್ಪಿನ ಬೆಳಕು ಅದನ್ನು ದಾಟುತ್ತಿರಲಿಲ್ಲ. ಕ್ಲಿಪ್ಪನ್ನು ಕಾಲ್ಬೆರಳಿಗೆ ಸಿಕ್ಕಿಸಿದೆ; ಅಂಕಿ ಸರಿಹೋಯಿತು. ಆದರೂ ಬೆಳಗಿನವರೆಗೆ ಅಂಕಿ ನೋಡುತ್ತಲೇ ಕೂತೆ.

ಮುಂದಿನ ಈದ್‌ಗೆ ಅಮ್ಮಿ ಗಟ್ಟಿಮುಟ್ಟಾಗಿದ್ದರು. ಆದರೂ ಒಂದು ಬೆರಳಿಗೆ ಮದರಂಗಿ ಇರಲಿಲ್ಲ.

“ಇದನ್ಯಾಕೆ ಬಿಟ್ರಿ?”

“ನಿನ್ನ ಆ ಕ್ಲಿಪ್ ಮಿಷನ್‌ಗೆ ಕಣೇ. ಒಂದು ಇರ್ಲಿ.”

ಅದು ಮತ್ತೆ ಬೇಕಾದೀತೆಂಬ ಮಾತಿಗೇ ರೇಗಿಹೋಯಿತು. ಅವರ ಕೈ ಎಳೆದುಕೊಂಡು ಆ ಬೆರಳಿಗೂ ನಾನೇ ಮೆತ್ತಿದೆ.