ತಿಂಡಿಗೆ ಕಳಿಸಿದ ಸೋಮವಾರ

ಅಂಜಿನಮ್ಮ, ನಿಮ್ಮ ಯಜಮಾನರ ಚೀಟಿ ತಪ್ಪಿಸಿದವಳು ನಾನು. ದೇವರಲ್ಲ, ನಿಮ್ಮ ಹಣೆಬರಹವೂ ಅಲ್ಲ. ಚಳ್ಳಕೆರೆಯ ಆಸ್ಪತ್ರೆಯಲ್ಲಿ ನೀವು ಬಾಯಿ ತುಂಬ ‘ಸಿಸ್ಟರ್’ ಎಂದು ಕರೆಯುತ್ತಿದ್ದಿರಲ್ಲ — ಅವಳೇ. ಎಂಟು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದೆ. ಈಗ ಸಾಕಾಗಿದೆ. ಧೈರ್ಯ ಬಂದು ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ, ದಣಿದು ಹೇಳುತ್ತಿದ್ದೇನೆ.

ಆಗ ನಿಮಗೆ ಅರ್ಧಂಬರ್ಧ ತಿಳಿಸಿದ್ದನ್ನು ಈಗ ಪೂರ್ತಿ ಹೇಳಬೇಕು. ಅಲ್ಲಿ ನಡೆಯುತ್ತಿದ್ದದ್ದು ಒಂದು ಅಧ್ಯಯನ. ಇಲ್ಲದ ದನಿ ಕಿವಿಗೆ ಕೇಳುವ, ಮನೆಯವರ ಮೇಲೇ ಅನುಮಾನ ಪಡುವ ಕಾಯಿಲೆಯವರನ್ನು ಎರಡು ಗುಂಪು ಮಾಡುತ್ತಿದ್ದರು. ಮಾತ್ರೆ ಎಲ್ಲರಿಗೂ ಒಂದೇ. ಆದರೆ ಒಂದು ಗುಂಪಿನವರ ಮನೆಗೆ ವಾರಕ್ಕೊಮ್ಮೆ ನರ್ಸ್ ಹೋಗಬೇಕು — ಮಾತ್ರೆ ನುಂಗಿದ್ದಾರೋ ಇಲ್ಲವೋ ನೋಡಬೇಕು, ಕೂತು ಮಾತಾಡಬೇಕು, ಮನೆಯವರ ಕಷ್ಟ ಕೇಳಬೇಕು. ಇನ್ನೊಂದು ಗುಂಪಿನವರು ತಿಂಗಳಿಗೊಮ್ಮೆ ತಾವೇ ಬಂದು ಮಾತ್ರೆ ಒಯ್ಯಬೇಕು. ಹೀಗೆ ಮನೆಗೆ ಹೋಗುವುದರಿಂದ ಎಷ್ಟು ಗುಣವಾಗುತ್ತದೆ ಎಂದು ತಿಳಿಯುವುದು ಡಾಕ್ಟರ ಉದ್ದೇಶ. ಯಾರು ಯಾವ ಗುಂಪಿಗೆ ಎಂಬುದನ್ನು ಅವರಾಗಲಿ ನಾನಾಗಲಿ ಆರಿಸುವಂತಿರಲಿಲ್ಲ. ಆರಿಸಿದರೆ ನಮ್ಮ ಇಷ್ಟಾನಿಷ್ಟ ನುಸುಳಿ ಗುಂಪುಗಳ ಸಮತೂಕ ಕೆಡುತ್ತದೆ. ಅದಕ್ಕೇ ಅಂಟು ಹಾಕಿದ ಲಕೋಟೆಗಳು ನಂಬರು ಹೊತ್ತು ಬರುತ್ತಿದ್ದವು. ಬಂದವರ ಸರದಿಯಂತೆ ಒಂದೊಂದಾಗಿ ಒಡೆಯುವುದು ನನ್ನ ಕೆಲಸ.

ಇಷ್ಟೆಲ್ಲ ವಿವರಿಸುವ ತಾಳ್ಮೆ ಅಂದು ನನಗಿರಲಿಲ್ಲ. ದೇವರ ಮುಂದೆ ಚೀಟಿ ಎತ್ತಿಸುತ್ತಾರಲ್ಲ, ಹಾಗೇ ಅಂದುಕೊಳ್ಳಿ ಎಂದುಬಿಟ್ಟೆ. ಯಾರ ಕೈವಾಡವೂ ಇರುವುದಿಲ್ಲ ಎಂದೆ. ನಿಮಗೆ ಥಟ್ಟನೆ ಅರ್ಥವಾಯಿತು. ಅಣ್ಣತಮ್ಮಂದಿರ ಪಾಲಿನಿಂದ ಹಿಡಿದು ಹೆಣ್ಣಿನ ಸಂಬಂಧದವರೆಗೆ ಚೀಟಿ ಎತ್ತಿ ತೀರ್ಮಾನಿಸುವ ಸೀಮೆ ನಮ್ಮದು. ಮುಂದಿನ ಸೋಮವಾರ ಬನ್ನಿ, ಅಂದು ನಿಮ್ಮ ಚೀಟಿ ಎಂದು ಕಳಿಸಿದೆ.

ಲಕೋಟೆ ಜೋಡಿಸಿದವರು ಎರಡು ಗುಂಪೂ ಸಮವಾಗಿರಲಿ ಎಂದು ಪ್ರತಿ ನಾಲ್ಕರಲ್ಲಿ ಎರಡು ಮನೆಭೇಟಿಯವು, ಎರಡು ಭೇಟಿಯಿಲ್ಲದವು ಇಟ್ಟಿದ್ದರು. ಅದು ನಮಗೆ ಗೊತ್ತಾಗಬಾರದಿತ್ತು. ಆದರೆ ದಿನಾ ಅದೇ ರಿಜಿಸ್ಟರ್ ಬರೆಯುವವಳ ಕಣ್ಣಿಗೆ ಎಷ್ಟು ದಿನ ಬೀಳದೆ ಇದ್ದೀತು? ಮೂರು ಒಡೆದ ಮೇಲೆ ನಾಲ್ಕನೆಯದರಲ್ಲಿ ಏನಿದೆ ಎಂದು ಮುಟ್ಟದೆಯೇ ಹೇಳಬಹುದಿತ್ತು. ಕಂಡುಕೊಂಡ ದಿನ ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಆ ಕ್ಷಣವೇ ಡಾಕ್ಟರಿಗೆ ಹೇಳಬೇಕಿತ್ತು. ಹೇಳಲಿಲ್ಲ.

ಆ ಸೋಮವಾರ ನೀವಿಬ್ಬರೂ ಮೊಳಕಾಲ್ಮೂರಿನಿಂದ ಮೊದಲ ಬಸ್ಸಿಗೇ ಬಂದು ಬೆಂಚಿನ ತುದಿಯಲ್ಲಿ ಕೂತಿದ್ದಿರಿ. ನಿಮ್ಮ ಯಜಮಾನರು ಓಬಳೇಶಣ್ಣ ನಿಮ್ಮ ಸೆರಗಿನ ಚುಂಗು ಹಿಡಿದುಕೊಂಡಿದ್ದರು. ರೇಷ್ಮೆ ಸೀರೆ ನೇಯುವ ಕೈ — ಬೆರಳು ಸುಮ್ಮನಿರದೆ ಅಂಚಿನ ಎಳೆಗಳನ್ನು ಸವರುತ್ತಿದ್ದವು. ಹಿಂದಿನ ವಾರ ಮೂರು ಲಕೋಟೆ ಒಡೆದಾಗಿತ್ತು: ಎರಡು ಭೇಟಿಯಿಲ್ಲದವು, ಒಂದು ಭೇಟಿಯದು. ಅಂದರೆ ಮೊದಲು ಒಳಗೆ ಬಂದವರಿಗೆ ಮನೆಭೇಟಿ ಖಂಡಿತ. ಮೊದಲು ಬಂದಿದ್ದವರು ನೀವು.

ನನ್ನ ತಲೆಯಲ್ಲಿ ಓಡಿದ್ದು ಇಷ್ಟೇ — ಮೊಳಕಾಲ್ಮೂರು. ಪ್ರತಿ ವಾರ, ವರ್ಷಪೂರ್ತಿ. ಆಗಲೇ ಪರಶುರಾಂಪುರದ ಕಡೆ ಎರಡು ಮನೆ ನನ್ನ ಪಾಲಿಗೆ ಬಿದ್ದಿದ್ದವು. ಮಂಡಿ ನೋಯುತ್ತಿತ್ತು. ಬಸ್ಸಿಗೆ ಕಾದು, ನಿಂತು ಪ್ರಯಾಣ ಮಾಡಿ, ನೇಕಾರರ ಓಣಿ ಹುಡುಕಿ, ಮತ್ತೆ ಬಸ್ಸಿಗೆ ಕಾದು... ನಿಮ್ಮ ಹಿಂದೆ ಕೂತಿದ್ದವನು ಮುಸ್ತಫಾ, ಲಾರಿ ಮೆಕ್ಯಾನಿಕ್. ಅವನ ಮನೆ ನಮ್ಮ ಮನೆಯ ಹಿಂದಿನ ಬೀದಿ. ಚಪ್ಪಲಿ ಮೆಟ್ಟಿ ಐದು ನಿಮಿಷ ನಡೆದರೆ ಆಯಿತು.

ನಾನು ಹೊರಗೆ ಬಂದು ನಿಮ್ಮ ಭುಜದ ಮೇಲೆ ಕೈಯಿಟ್ಟು ಹೇಳಿದೆ: “ಏನೂ ತಿಂದಂಗೆ ಕಾಣಲ್ಲ ನೀವು. ಹೋಗಿ ತಿಂಡಿ ತಿಂದ್ಕೊಂಡ್ ಬರ್ರಿ ಅಂಜಿನಮ್ಮ, ಆಮೇಲೆ ಕರೀತೀನಿ.”

ನೀವು ಅನುಮಾನಿಸಿದಿರಿ, ಬೇಡ ಎಂಬಂತೆ ತಲೆಯಾಡಿಸಿದಿರಿ. ನಾನು ಮತ್ತೂ ಒತ್ತಾಯ ಮಾಡಿದೆ. ಆಸ್ಪತ್ರೆ ಮುಂದೆಯೇ ಮಂಡಕ್ಕಿ ಒಗ್ಗರಣೆ ಸಿಗುತ್ತದೆ ಎಂದೂ ಹೇಳಿದೆ. ನೀವು ಎದ್ದು ಹೋದಿರಿ. ನಾನು ಮುಸ್ತಫಾನನ್ನು ಒಳಗೆ ಕರೆದು ಆ ನಾಲ್ಕನೆಯ ಲಕೋಟೆ ಒಡೆದೆ.

ನೀವು ಬಾಯಿ ಒರೆಸಿಕೊಳ್ಳುತ್ತ ವಾಪಸು ಬರುವ ಹೊತ್ತಿಗೆ ಹೊಸ ನಾಲ್ಕರ ಮೊದಲ ಲಕೋಟೆ ಕಾದಿತ್ತು. ಅದರಲ್ಲಿ ಏನಿದೆಯೆಂದು ನನಗೆ ಗೊತ್ತಿರಲಿಲ್ಲ — ಇದು ನಿಜ. ಭೇಟಿಯಿಲ್ಲದ ಗುಂಪು ಎಂದು ಬಂತು. ‘ಆ ಎರಡನೆಯ ಚೀಟಿ ನಾನು ಆರಿಸಿದ್ದಲ್ಲ’ — ಈ ಒಂದು ಮಾತನ್ನು ಹಿಡಿದುಕೊಂಡು ಇಷ್ಟು ವರ್ಷ ತಳ್ಳಿದೆ. ಆದರೆ ಕೈಗೆ ಬಂದಿದ್ದ ತುತ್ತನ್ನು ಕಸಿದು, ಇನ್ನೊಂದು ಸಿಕ್ಕರೂ ಸಿಗಬಹುದು ನೋಡಿ ಎನ್ನುವುದು ಯಾವ ನ್ಯಾಯ?

ಮುಂದಿನದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಓಬಳೇಶಣ್ಣ ಮಾತ್ರೆಗಳನ್ನು ಬಾಯಿಗೆ ಹಾಕಿಕೊಂಡಂತೆ ಮಾಡಿ ಮಗ್ಗದಡಿ ಕಾಲು ಇಳಿಬಿಡುವ ಗುಣಿಯಲ್ಲಿ ಉದುರಿಸುತ್ತಿದ್ದರು. ನೀವು ಮನೆಮನೆ ತಿರುಗಿ ಕಂಡಿಕೆಗೆ ನೂಲು ಸುತ್ತುವ ಕೆಲಸದಲ್ಲಿದ್ದಿರಿ, ಆಗ ನಿಮಗೆ ತಿಳಿಯಲಿಲ್ಲ. ವಾರಕ್ಕೊಮ್ಮೆ ಯಾರಾದರೂ ಬಂದು ಪಕ್ಕದಲ್ಲಿ ಕೂತಿದ್ದರೆ... ಆ ಯಾರಾದರೂ ನಾನೇ ಆಗಿರಬೇಕಿತ್ತು. ಒಂದು ದಿನ ಅವರು ಮಗ್ಗದ ಮೇಲಿದ್ದ ಮದುವೆ ಸೀರೆಯ ಹಾಸಿನ ಎಳೆಗಳನ್ನೆಲ್ಲ ಕತ್ತರಿಸಿ ಹಾಕಿ ಮನೆ ಬಿಟ್ಟರು. ಎಷ್ಟೋ ವಾರದ ಮೇಲೆ ರಾಯದುರ್ಗದ ಬಸ್ ನಿಲ್ದಾಣದಲ್ಲಿ ಸಿಕ್ಕಾಗ ಕಾಲಿನ ಗಾಯ ಕೊಳೆತಿತ್ತು. ಕಾಲು ಉಳಿಯಿತು. ಅವರು ಮತ್ತೆ ಮಗ್ಗಕ್ಕೆ ಇಳಿಯಲಿಲ್ಲ. ರಿಜಿಸ್ಟರಿನಲ್ಲಿ ನಾನು ಬರೆದದ್ದು ಮೂರೇ ಪದ: ‘ಔಷಧಿ ಸೇವನೆ ನಿಲ್ಲಿಸಿದ್ದಾರೆ.’

ಮುಸ್ತಫಾ ಗುಣವಾದ. ಈಗ ಅವನದೇ ಗ್ಯಾರೇಜಿದೆ. ನಾನು ಆ ದಾರಿಯಲ್ಲಿ ಹೋದರೆ ಗ್ರೀಸ್ ಮೆತ್ತಿದ ಕೈಯನ್ನು ಹಣೆಗೆ ಮುಟ್ಟಿಸಿ ಸಲಾಂ ಹೇಳುತ್ತಾನೆ. ಅವನ ತಪ್ಪೇನೂ ಇಲ್ಲ. ಆದರೂ ನಾನು ಬೀದಿ ಬದಲಿಸಿ ಓಡಾಡುವುದನ್ನು ಕಲಿತೆ.

ಅಧ್ಯಯನ ಮುಗಿದಾಗ ಡಾಕ್ಟರು ಒಂದು ಹಾಳೆ ಮುಂದಿಟ್ಟರು — ಗುಂಪು ಹಂಚಿಕೆಯಲ್ಲಿ ಯಾರೂ ಕೈಯಾಡಿಸಿಲ್ಲ ಎಂಬ ಹೇಳಿಕೆ. ಸಹಿ ಹಾಕಿದೆ. ಅದು ನೆನೆದರೆ ಈಗ ನಾಚಿಕೆಯಾಗುತ್ತದೆ.

ಇದು ನನ್ನ ಜೊತೆಗೇ ಮಣ್ಣಾಗುತ್ತಿತ್ತೇನೋ. ಆದರೆ ಹೋದ ತಿಂಗಳು ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ನೀವು ಸಿಕ್ಕಿರಿ. ನೀವೇ ಗುರುತು ಹಿಡಿದು ನನ್ನ ಎರಡೂ ಕೈ ಹಿಡಿದುಕೊಂಡಿರಿ. ನಿಮ್ಮ ಬರಿಗಾಲು ನೋಡಿ, ಹಿಮ್ಮಡಿಯ ಬಿರುಕು ನೋಡಿ, ಚಪ್ಪಲಿ ಎಲ್ಲಿ ಎಂದು ಸುಮ್ಮನೆ ಕೇಳಿದೆ.

“ಸೋಮವಾರ ಸೋಮವಾರ ಜಟಿಂಗ ರಾಮೇಶ್ವರನ ಬೆಟ್ಟ ಹತ್ತತೀನಿ ಸಿಸ್ಟರ್, ತಪ್ಪುಗಾಣಿಕೆಗೆ,” ಎಂದಿರಿ. “ಅವತ್ತು ಚೀಟಿ ತೆಗೆಯೋಗಂಟ ಬಾಯಿಗೆ ಹನಿ ನೀರೂ ಹಾಕಲ್ಲ ಅಂತ ಸ್ವಾಮಿಗೆ ಮಾತು ಕೊಟ್ಟಿದ್ದೆ. ನೀವು ಪ್ರೀತಿಯಿಂದ ತಿನ್ನು ಅಂದ್ರಿ, ಹಸಿವು ತಡೀಲಾರ್ದೆ ತಿಂದ್ಬಿಟ್ಟೆ. ಅದ್ಕೇ ಆ ಚೀಟಿ ತಪ್ತು. ನಮ್ ಯಜಮಾನ್ರನ್ನ ನಾನೇ ಹಾಳ್ ಮಾಡ್ದೆ.”

ಬಸ್ಸು ಬಂತು, ನೀವು ಹತ್ತಿದಿರಿ. ಕಿಟಕಿಯಿಂದ ನೀವು ಕೈ ಬೀಸಿದಿರಿ, ನಾನೂ ಬೀಸಿದೆ.

ಎಂಟು ವರ್ಷದ ಸೋಮವಾರಗಳು, ಆ ಬಂಡೆಗಳ ಬಿಸಿಲು — ನಾನು ಉಳಿಸಿಕೊಂಡ ನಡಿಗೆಯನ್ನೆಲ್ಲ ನೀವು ನಡೆದಿದ್ದೀರಿ.

ಡಾಕ್ಟರಿಗೆ ಎಲ್ಲವನ್ನೂ ಬರೆದು, ಲಕೋಟೆಗಳ ನಂಬರು ಸಮೇತ, ನಿನ್ನೆ ಅಂಚೆಗೆ ಹಾಕಿದ್ದೇನೆ. ಅವರು ಏನು ಮಾಡುತ್ತಾರೋ ಮಾಡಲಿ. ಆದರೆ ನಿಮ್ಮ ಮನೆಮಾತು ತೆಲುಗು, ಅಕ್ಷರ ನಿಮಗೆ ಬಾರದು. ಈ ಕಾಗದ ಅಂಚೆಯಲ್ಲಿ ಬಂದು ಪ್ರಯೋಜನವಿಲ್ಲ. ನಾನೇ ತಂದು, ಓಬಳೇಶಣ್ಣನ ಎದುರು ಕೂತು ಓದಬೇಕು. ಸೋಮವಾರ ಮನೆಯಲ್ಲಿರಿ ಎಂದಷ್ಟೇ ನಿಮ್ಮೂರಿನವರೊಬ್ಬರ ಕೈಲಿ ಮೊದಲೇ ಹೇಳಿ ಕಳಿಸುತ್ತೇನೆ. ನೀವು ಬಾಗಿಲು ಹಾಕಿಕೊಂಡರೆ ಹೊಸ್ತಿಲಾಚೆ ನಿಂತೇ ಓದುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ, ಕೇಳುವ ಮುಖ ನನಗಿಲ್ಲ.

ನೀವು ಹೇಳಿದ್ದು ಸರಿ — ತಿಂಡಿಗೆ ಹೋದದ್ದಕ್ಕೇ ಆ ಚೀಟಿ ತಪ್ಪಿತು. ಆದರೆ ತಪ್ಪು ತಿಂದವರದಲ್ಲ, ಕಳಿಸಿದವಳದು. ಈ ಸೋಮವಾರ ಬೆಟ್ಟ ಹತ್ತಬೇಡಿ, ಮನೆಯಲ್ಲೇ ಇರಿ. ಮೊದಲ ಬಸ್ಸಿಗೆ ಬರುತ್ತೇನೆ.