ಮುಚ್ಚಳದ ಸದ್ದು

ಹರೆಯದ ಮಗನಿಗೂ ಹರೆಯದ ನಾಯಿಗೂ ಇರುವ ವ್ಯತ್ಯಾಸ ಒಂದೇ. ನಾಯಿ ಕೋಣೆಗೆ ಹೋಗಿ ಬಾಗಿಲನ್ನು ಧಡಾರನೆ ಹಾಕಿಕೊಳ್ಳುವುದಿಲ್ಲ. ಪ್ರತಿ ಹೊಸ ತಂಡಕ್ಕೂ ನಾಯಿ ಟೀಚರ್ ಪಾಠ ಶುರು ಮಾಡುತ್ತಿದ್ದದ್ದು ಈ ಮಾತಿನಿಂದಲೇ. ಜನ ನಗುತ್ತಿದ್ದರು. ನಕ್ಕ ಮೇಲೆ ಅವರ ಹೆಗಲು ಸ್ವಲ್ಪ ಇಳಿಯುತ್ತಿತ್ತು, ಬಿಗಿಹಿಡಿದ ಹಗ್ಗ ಸಡಿಲವಾಗುತ್ತಿತ್ತು, ಹಗ್ಗದ ಆ ತುದಿಯಲ್ಲಿದ್ದ ನಾಯಿಯೂ ಉಸಿರು ಬಿಡುತ್ತಿತ್ತು. ಅವಳಿಗೆ ಬೇಕಾಗಿದ್ದದ್ದೂ ಅಷ್ಟೇ.

ಅವಳು ಹುಟ್ಟಾ ನಾಯಿ ಟೀಚರ್ ಏನಲ್ಲ. ಹನ್ನೊಂದು ವರ್ಷ ನರ್ಸರಿ ಶಾಲೆಯಲ್ಲಿ ಅಳುವ ಮಕ್ಕಳನ್ನು ಸಮಾಧಾನ ಮಾಡಿದವಳು. ಶಾಲೆ ಮುಚ್ಚಿದ ವರ್ಷ ನೆರೆಮನೆಯವರ ನಾಯಿಗೆ ಸೂಜಿ ಹಾಕಿಸಲು ದನದ ಡಾಕ್ಟರ ಹತ್ತಿರ ಹೋಗಿದ್ದಳು. ನಡುಗುತ್ತಿದ್ದ ಆ ನಾಯಿಯ ಪಕ್ಕ ಅವಳು ಏನೂ ಮಾತಾಡದೆ ನೆಲದ ಮೇಲೆ ಕೂತ ರೀತಿ ನೋಡಿ ಮುದುಕ ಡಾಕ್ಟರು, "ಏನಮ್ಮಾ, ನಿನ್ನ ಹತ್ರ ಇನ್ನು ನಾಲ್ಕು ನಾಯಿ ಕಳಿಸ್ಲಾ?" ಅಂದಿದ್ದರು. ನಾಲ್ಕು ನಲವತ್ತಾಯಿತು. ಈಗ ಪ್ರತಿ ಭಾನುವಾರ ಬೆಳಿಗ್ಗೆ, ಮುಚ್ಚಿಹೋದ ಮರದ ಡಿಪೋದ ಅಂಗಳದಲ್ಲಿ, ಆರು ತಿಂಗಳಿಂದ ಒಂದೂವರೆ ವರ್ಷದವರೆಗಿನ ನಾಯಿಗಳಿಗೆ ಪಾಠ. ಮರಿಯಾಗಿದ್ದಾಗ ಮುದ್ದು ಮಾಡಿ, ಹಲ್ಲು ಗಟ್ಟಿಯಾದ ಮೇಲೆ "ಯಾರಿಗಾದ್ರೂ ಕೊಟ್ಬಿಡೋಣ" ಎನ್ನುವ ಮನೆಗಳ ನಾಯಿಗಳೇ ಹೆಚ್ಚು.

ಸರಪಳಿ ಇಲ್ಲ, ಕೋಲಿಲ್ಲ, ಗದರಿಕೆ ಇಲ್ಲ. "ಅದು ಮೊಂಡಾಟ ಅಲ್ಲ ರೀ," ಎನ್ನುತ್ತಿದ್ದಳು. "ಅದರ ತಲೆಯೊಳಗೆ ಸಂತೆ ನಡೀತಿದೆ. ಸಂತೆ ಮಧ್ಯೆ ನಿಂತವನಿಗೆ ನಿಮ್ಮ ಪಿಸುಮಾತು ಕೇಳುತ್ತಾ? ಕೂರು ಅನ್ನೋಕೆ ಮುಂಚೆ, ಹೆದರಿದೆಯಾ, ಸುಸ್ತಾಗಿದೆಯಾ, ಖುಷಿ ಜಾಸ್ತಿಯಾಗಿದೆಯಾ, ಅದನ್ನ ನೋಡಿ." ಯಾರಾದರೂ, "ನನ್ನ ಮಾತು ಕೇಳಲ್ಲ ಟೀಚರ್, ಪಕ್ಕದ ಮನೆಯವರು ಕರೆದ್ರೆ ಓಡ್ತದೆ" ಎಂದು ಕಣ್ಣೀರು ಹಾಕಿದರೆ ಅದಕ್ಕೂ ಉತ್ತರವಿತ್ತು. "ನೀವು ತನ್ನವರು ಅಂತಲೇ ನಿಮ್ಮ ಮುಂದೆ ಹಾರಾಡೋದು. ಮಕ್ಕಳು ಪಕ್ಕದ ಮನೆಯವರ ಹತ್ರ ರಚ್ಚೆ ಹಿಡೀತಾವಾ? ಕಾಯಿರಿ, ತಿರುಗಿ ಬರುತ್ತೆ."

ಮುರಿಯಬಾರದ ನಿಯಮ ಅಂತ ಅವಳಲ್ಲಿ ಇದ್ದದ್ದು ಒಂದೇ. ಕರೆದು ಕಷ್ಟ ಕೊಡಬಾರದು. ಸ್ನಾನವಿರಲಿ, ಉಗುರು ಕತ್ತರಿಸುವುದಿರಲಿ, ಔಷಧಿ ಇರಲಿ, ನಾಯಿಗೆ ಇಷ್ಟವಿಲ್ಲದ್ದು ಮಾಡಬೇಕಾದರೆ ನೀವೇ ಅದರ ಬಳಿಗೆ ಹೋಗಿ. ಕರೆದ ಸದ್ದಿನ ಹಿಂದೆ ನೋವು ಬಂದರೆ ನಾಯಿ ಆ ಸದ್ದನ್ನೇ ನಂಬುವುದಿಲ್ಲ. ಇದನ್ನು ಅವಳು ಬೆರಳೆತ್ತಿ, ನರ್ಸರಿ ಟೀಚರಿನ ಗತ್ತಿನಲ್ಲಿ, ಮೂರು ಸಲ ಹೇಳಿಸುತ್ತಿದ್ದಳು.

ಇಷ್ಟೆಲ್ಲ ಬಲ್ಲವಳ ಮನೆಯಲ್ಲಿ ದೊರೆ ಇದ್ದ. ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಿಸಿದ ಕಾಗದದಂತೆ ಬಾಗಿದ್ದು. ಚರಂಡಿ ಪಕ್ಕದಿಂದ ಅಂಗೈಯಲ್ಲಿ ಎತ್ತಿ ತಂದು, ಬಾಟಲಿ ಹಾಲು ಕುಡಿಸಿ ಬೆಳೆಸಿದವಳು ಅವಳೇ. ಹತ್ತು ತಿಂಗಳಾಗುತ್ತಿದ್ದಂತೆ ದೊರೆ ದೊರೆಯೇ ಆಗಿಬಿಟ್ಟ. ಅವಳು ಕರೆದರೆ ಗೋಡೆ ಮೂಸುತ್ತಿದ್ದ. ಇನ್ನೊಮ್ಮೆ ಕರೆದರೆ ಆಕಳಿಸುತ್ತಿದ್ದ. ಅವಳು ಮಂಡಿಯೂರಿ, ಬೇಯಿಸಿದ ಕೋಳಿ ತುಂಡು ಹಿಡಿದು, ಊರ ನಾಯಿಗಳೆಲ್ಲ ಕರಗುವ ದನಿಯಲ್ಲಿ ಕರೆದರೆ, ಬಂದು ತುಂಡು ಬಾಯಿಗೆ ಹಾಕಿಕೊಂಡು ಕೃಪೆ ತೋರಿದವನಂತೆ ಹೊರಟುಬಿಡುತ್ತಿದ್ದ.

ಎಲ್ಲಿಗೆ ಹೊರಡುತ್ತಿದ್ದ? ಓರಗಿತ್ತಿಯ ಹೊಲಿಗೆ ಮಿಷನ್ನಿನ ಕಾಲಡಿಗೆ.

ಒಂದೇ ಮನೆಯ ಎರಡು ಪಾಲು, ನಡುವೆ ಒಂದೇ ಜಗಲಿ. ಗಂಡನ ತಮ್ಮನ ಹೆಂಡತಿ ಆ ಜಗಲಿಯಲ್ಲಿ ಕೂತು ಶಾಲೆಗಳ ಯೂನಿಫಾರ್ಮ್ ಹೊಲಿಯುತ್ತಿದ್ದಳು. ಬಾಯಲ್ಲಿ ಸದಾ ಎರಡು ಗುಂಡುಪಿನ್ನು, ಹಾಗಾಗಿ ಮಾತು ಕಡಿಮೆ. ನಾಯಿಗೆ ಪಾಠವಂತೂ ಇಲ್ಲವೇ ಇಲ್ಲ. ಊಟದ ಹೊತ್ತಿಗೆ ಗುಂಡಿ ಡಬ್ಬಿಯ ಮುಚ್ಚಳವನ್ನು ಕತ್ತರಿಯ ಹಿಡಿಯಿಂದ ಟಕ್ ಟಕ್ ಟಕ್ ಎಂದು ಬಡಿಯುವಳು. ದೊರೆ ಎಲ್ಲಿದ್ದರೂ, ಬೀದಿ ಕೊನೆಯಲ್ಲಿ ಬೆಕ್ಕನ್ನು ಅಟ್ಟುತ್ತಿದ್ದರೂ, ಕಿವಿ ಹಾರಿಸಿಕೊಂಡು ಓಡಿ ಬರುವನು. ಅವಳು ತನ್ನ ತಟ್ಟೆಯಿಂದ ಒಂದು ತುತ್ತು ಹಾಕಿ ಮತ್ತೆ ಪೆಡಲ್ ಒತ್ತುವಳು.

"ಅದೇನು ಮಾಡಿದೀಯೇ ಅದಕ್ಕೆ?" ಎಂದು ಟೀಚರ್ ಒಮ್ಮೆ ನಗುತ್ತಲೇ ಕೇಳಿದ್ದಳು.

"ನಾನೇನೂ ಮಾಡಿಲ್ಲ ಅಕ್ಕ. ಅದಾಗೇ ಬರುತ್ತೆ."

ಆ "ಏನೂ ಮಾಡಿಲ್ಲ" ಎನ್ನುವ ಮಾತೇ ಟೀಚರ ಹೊಟ್ಟೆಗೆ ಕಿಚ್ಚು ಹಾಕಿದ್ದು. ಏನಾದರೂ ಮಾಡಿದ್ದರೆ ಅದನ್ನು ತಾನೂ ಕಲಿಯಬಹುದಿತ್ತು. ಏನೂ ಮಾಡದವಳ ಬಳಿಗೆ ಹೋಗುವವನನ್ನು ಏನೆಂದು ಕರೆಯುವುದು? ಕನ್ನಡಕದಂಗಡಿ ಇಟ್ಟಿದ್ದ ಗಂಡ ಬೇರೆ ಊಟಕ್ಕೆ ಕೂತಾಗ, "ಹಿತ್ತಲ ಗಿಡ ಮದ್ದಲ್ಲ ಕಣೇ" ಎಂದು ಒಗ್ಗರಣೆ ಹಾಕಿದ. ಒಂದು ದಿನ ತರಗತಿಯ ಹೆಂಗಸೊಬ್ಬಳು ಮನೆಗೆ ಬಂದಿದ್ದಳು. ಟೀಚರ್ ಎರಡು ಸಲ ಕರೆದದ್ದನ್ನೂ, ದೊರೆ ಅಲ್ಲಾಡದೆ ಮಲಗಿದ್ದನ್ನೂ, ಮುಚ್ಚಳ ಟಕ್ ಅಂದದ್ದೇ ಎದ್ದು ಹಾರಿದ್ದನ್ನೂ ಕಣ್ಣಾರೆ ನೋಡಿ, "ಓ, ಮನೇಲಿ ಟೀಚರ್ ಅವರಾ?" ಅಂದಳು. ಹೇಳಿದವಳು ನಕ್ಕು ಮರೆತಳು. ಕೇಳಿದವಳಿಗೆ ಆ ರಾತ್ರಿ ಊಟ ಸೇರಲಿಲ್ಲ.

ಭಾನುವಾರ ಜನರಿಗೆ ಹೇಳುವ ಮಾತನ್ನು ಅವಳು ತನಗೂ ಹೇಳಿಕೊಂಡಳು. ತನ್ನವಳು ಅಂತಲೇ ಹಾರಾಡುತ್ತಾನೆ, ಕಾಯಬೇಕು, ತಿರುಗಿ ಬರುತ್ತಾನೆ. ಹೇಳಿಕೊಂಡರೆ ಏನು ಬಂತು? ಹೊಟ್ಟೆ ಉರಿಯುವುದು ತಲೆಗೆ ಗೊತ್ತಿಲ್ಲದ್ದರಿಂದಲ್ಲ. ತಿರುಗಿ ಬರದೆ, ಆ ಪೆಡಲಿನ ಪಕ್ಕದಲ್ಲೇ ಉಳಿದುಬಿಟ್ಟರೆ? ಹೊಲಿಗೆಯವಳ ಬೆನ್ನು ಕಂಡರೂ ಅವಳಿಗೆ ಸಿಟ್ಟು ಬರತೊಡಗಿತು.

ಅಷ್ಟರಲ್ಲಿ ದೊರೆಗೆ ಕಿವಿ ಸೋರಿತು. ಡಾಕ್ಟರು ಉರಿಯುವ ಹನಿ ಕೊಟ್ಟರು, ದಿನಕ್ಕೆರಡು ಸಲ, ಹತ್ತು ದಿನ. ಇಂಥ ಹನಿಯನ್ನು ಹೇಗೆ ಹಾಕಬೇಕೆಂದು ಅವಳು ಎಷ್ಟು ಜನರಿಗೆ ಕಲಿಸಿಲ್ಲ! ನಾಯಿ ಇರುವಲ್ಲಿಗೆ ಹೋಗು, ಶೀಶೆ ತೋರಿಸು, ತಿನ್ನಲು ಕೊಡು, ಕಿವಿ ಮುಟ್ಟು, ಮತ್ತೆ ಕೊಡು. ಅಂದು ಬೆಳಿಗ್ಗೆ ಅವಳು ಶೀಶೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಜಗಲಿಗೆ ಬಂದು ಹೇಳಿದಳು:

"ಸ್ವಲ್ಪ ಮುಚ್ಚಳ ಬಡಿಯೇ. ನನ್ನ ಕೈಗೆ ಸಿಗ್ತಾ ಇಲ್ಲ."

ಓರಗಿತ್ತಿ ಬಡಿದಳು. ದೊರೆ ಓಡಿ ಬಂದ. ಟೀಚರ್ ಕುತ್ತಿಗೆ ಪಟ್ಟಿ ಹಿಡಿದು ಹನಿ ಬಿಟ್ಟಳು. ನಾಯಿ ಕುಂಯ್ ಎಂದು ತಲೆ ಕೊಡವಿ, ಅವಳನ್ನಲ್ಲ, ಮುಚ್ಚಳ ಹಿಡಿದವಳನ್ನು ನೋಡಿತು.

ಮೊದಲ ಸಲ, ಇದು ಅನುಕೂಲಕ್ಕೆ ಎಂದು ತನಗೆ ತಾನೇ ಹೇಳಿಕೊಂಡಳು. ಎರಡನೆಯ ಸಲಕ್ಕೆ ಆ ಸುಳ್ಳೂ ಬೇಕಾಗಲಿಲ್ಲ. ನಾಲ್ಕನೆಯ ದಿನ ದೊರೆ ಓಡಿ ಬರಲಿಲ್ಲ, ನಡೆದು ಬಂದ. ಏಳನೆಯ ದಿನ ಬಾಗಿಲಲ್ಲಿ ನಿಂತು ಒಂದು ಕಾಲೆತ್ತಿದ. ಒಂಬತ್ತನೆಯ ದಿನ ಟಕ್ ಎಂದ ಕೂಡಲೇ ನೆಟ್ಟಗಿದ್ದ ಕಿವಿಯೂ ಮಲಗಿತು, ಅವನು ಮಂಚದ ಕೆಳಗೆ ನುಸುಳಿದ. ಬೇರೆ ಯಾರ ಮನೆಯಲ್ಲಾದರೂ ಇದನ್ನು ಕಂಡಿದ್ದರೆ ಅವಳಿಗೆ ಕರುಳು ಚುರುಕ್ ಎನ್ನುತ್ತಿತ್ತು. ಇಲ್ಲಿ ಹೊಟ್ಟೆ ತಣ್ಣಗಾಯಿತು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ತಣ್ಣಗಾದದ್ದು ನಿಜ.

"ಯಾಕೋ ನಾನು ಕರೆದ್ರೆ ಬರ್ತಾನೇ ಇಲ್ಲ ಅಕ್ಕ," ಎಂದಳು ಓರಗಿತ್ತಿ, ಬಾಯಿಂದ ಪಿನ್ನು ತೆಗೆದು.

"ಹರೆಯ ಅಲ್ವಾ," ಎಂದಳು ಟೀಚರ್. "ಹಾಗೇ ಅದು."

ಹನಿ ಮುಗಿದು ಮೂರು ದಿನವಾಗಿತ್ತು. ಮಧ್ಯಾಹ್ನ ಶಾಲೆಯ ಗಾಡಿ ಬಂದಾಗ ಓರಗಿತ್ತಿ ಯೂನಿಫಾರ್ಮಿನ ಗಂಟು ಹೊತ್ತು ಗೇಟು ತೆಗೆದಳು. ಅದೇ ಗಳಿಗೆಗೆ ಎದುರಿನ ಪಂಕ್ಚರ್ ಅಂಗಡಿಯಲ್ಲಿ ಗಾಳಿ ತುಂಬಿಸುತ್ತಿದ್ದ ಟಯರು ಢಂ ಎಂದು ಸಿಡಿಯಿತು. ದೊರೆ ಅವಳ ಕಾಲ ಸಂದಿಯಿಂದ ಬಾಣದಂತೆ ಹೊರಗೆ ಹಾರಿದ. ಬೀದಿಯ ಕೊನೆಗೆ ದೊಡ್ಡ ರಸ್ತೆ. ದೀಪದ ಕಂಬದ ಹತ್ತಿರ ನಿಂತು, ನಡುಗುತ್ತ, ಮನೆಯ ಕಡೆ ತಿರುಗಿ ನೋಡಿದ. ಮನೆಯತ್ತ ಒಂದು ಹೆಜ್ಜೆಯನ್ನೂ ಇಟ್ಟ. ಬರುವವನೇ ಇದ್ದ.

ಓರಗಿತ್ತಿ ಗಂಟು ಬಿಸಾಕಿ, ಜಗಲಿಗೆ ಓಡಿ, ತನಗೆ ಗೊತ್ತಿದ್ದ ಒಂದೇ ಒಂದು ವಿದ್ಯೆಯನ್ನು ಕೈಗೆತ್ತಿಕೊಂಡಳು. ಟಕ್ ಟಕ್ ಟಕ್.

ಕಿವಿಗಳು ಮಲಗಿದವು. ದೊರೆ ಗಿರಕ್ಕನೆ ತಿರುಗಿ ದೊಡ್ಡ ರಸ್ತೆಗೆ ನುಗ್ಗಿದ.

ಬಸ್ಸೊಂದು ಕಿರ್ರೆಂದು ನಿಂತಿತು. ಅದರ ಹಿಂದೆ ಇನ್ನೊಂದು ಗಾಡಿ ನಿಂತಿತು. ನಾಯಿ ರಸ್ತೆ ನಡುವಿನ ಕಟ್ಟೆಯ ಮೇಲೆ ಕುಗ್ಗಿ ಕೂತಿತು. ಓರಗಿತ್ತಿ ಅಳುತ್ತ ಇನ್ನೂ ಜೋರಾಗಿ ಬಡಿಯುತ್ತ ಓಡಿದಳು, ದೊರೆ ಆ ಕಡೆಯ ರಸ್ತೆಗೆ ಇಳಿಯಲು ಕಾಲು ಚಾಚಿದ. ಹಿತ್ತಲಿನಿಂದ ಓಡಿ ಬಂದ ಟೀಚರ್ ಓರಗಿತ್ತಿಯ ಮುಂಗೈ ಹಿಡಿದಳು.

"ಬಡೀಬೇಡ! ಬಿಸಾಕು ಅದನ್ನ!"

ಆಮೇಲೆ ಅವಳು ಕರೆಯಲಿಲ್ಲ, ಓಡಲಿಲ್ಲ. ಬಸ್ಸಿನ ಚಾಲಕನಿಗೆ ಕೈ ಮುಗಿದು ಹಾಗೇ ಇರಿ ಎಂದು ಸನ್ನೆ ಮಾಡಿದಳು. ಅವನು ಕಿಟಕಿಯಿಂದ ಕೈ ಚಾಚಿ ಹಿಂದಿನವರನ್ನೂ ತಡೆದ. ಅವಳು ರಸ್ತೆಯಂಚಿನಲ್ಲಿ ದೊರೆಗೆ ಬೆನ್ನು ಹಾಕಿ ಮಣ್ಣಲ್ಲಿ ಕೂತು, ಏನೋ ಸಿಕ್ಕಿದವಳಂತೆ ನೆಲ ಕೆದಕತೊಡಗಿದಳು. ಹೆದರಿದ ನಾಯಿಗೆ ಎದುರು ನಿಂತ ಮನುಷ್ಯ ಗೋಡೆ, ಬೆನ್ನು ಹಾಕಿ ಕೂತವನು ಬಾಗಿಲು. ಇದೂ ಅವಳದೇ ಪಾಠ. ಎಷ್ಟು ಹೊತ್ತು ಕೆದಕಿದಳೋ, ಉಗುರಿನ ಸಂದಿಯೆಲ್ಲ ಮಣ್ಣಾಯಿತು. ಕೊನೆಗೆ ಬೆನ್ನಿಗೆ ಬೆಚ್ಚನೆಯ ಉಸಿರು ತಾಗಿತು. ಆಮೇಲೆ ಇಡೀ ಮೈಯ ಭಾರ.

ಎಷ್ಟೋ ತಿಂಗಳಿಂದ ಅವಳು ಹಂಬಲಿಸಿದ್ದು ಆ ಭಾರಕ್ಕೇ. ಈಗ ಅದು ಬೆನ್ನ ಮೇಲಿದ್ದರೆ ಕದ್ದ ಗಂಟನ್ನು ಹೊತ್ತಂತೆ ಇತ್ತು.

ಮನೆಗೆ ಬಂದ ಮೇಲೆ ಓರಗಿತ್ತಿ ಗೋಡೆಗೊರಗಿ ಕೂತು ಹೇಳಿದಳು: "ನಿಮ್ಮ ಹತ್ರ ಬಂತಲ್ಲ ಅಕ್ಕ, ಅಷ್ಟೇ ಸಾಕು. ನನ್ನ ಕೈಯಲ್ಲೇ ಏನೋ ದೋಷ ಇದೆ. ಇನ್ಮೇಲೆ ನಾನು ಕರೆಯೋದೇ ಇಲ್ಲ."

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಟೀಚರಿಗೆ ಬೇಕಾದದ್ದು ತಾನಾಗಿಯೇ ಕೈಗೆ ಬಂದಿತ್ತು. ಆದರೆ ಅವಳು ಮಣ್ಣು ಮೆತ್ತಿದ ಕೈ ಊರಿ ಓರಗಿತ್ತಿಯ ಎದುರು ಕೂತಳು.

"ದೋಷ ನಿನ್ನ ಕೈಯಲ್ಲಿಲ್ಲ. ನಾನೇ ಕೆಡಿಸಿದ್ದು. ಬೇಕು ಅಂತಲೇ ನಿನ್ನ ಕೈಲಿ ಬಡಿಸಿ ಹನಿ ಹಾಕ್ದೆ. ಹಾಗೆ ಮಾಡಿದ್ರೆ ಬರಲ್ಲ ಅಂತ ಗೊತ್ತಿತ್ತು ನಂಗೆ."

"ಎಷ್ಟು ದಿನ?"

"ಹತ್ತು ದಿನವೂ."

ಓರಗಿತ್ತಿ ಎದ್ದು ಹೋಗಿ ಮಿಷನ್ನಿನ ಮುಂದೆ ಕೂತಳು. ಸಂಜೆಯವರೆಗೂ ಪೆಡಲ್ ಸದ್ದು ಕೇಳಿತು. ಟೀಚರ್ ದೀಪ ಹಾಕಲು ಹೋದಾಗ ನೋಡಿದರೆ, ಸೂಜಿಗೆ ದಾರವೇ ಇರಲಿಲ್ಲ. ನಾಲ್ಕು ದಿನ ಇಬ್ಬರ ನಡುವೆ ಮಾತಿಲ್ಲ. ಗಂಡ ಏನೋ ಗಾದೆ ಹೇಳಲು ಬಾಯಿ ತೆರೆದು, ಹೆಂಡತಿಯ ಮುಖ ನೋಡಿ, ಮುಚ್ಚಿಕೊಂಡ.

ಭಾನುವಾರ ಡಿಪೋದ ಅಂಗಳಕ್ಕೆ ಹೊಸ ತಂಡ ಬಂದಿತ್ತು, ಹದಿಮೂರು ಜನ. ಹದಿನಾಲ್ಕನೆಯವಳಾಗಿ ಓರಗಿತ್ತಿ ಬಂದು ಕೊನೆಯಲ್ಲಿ ಕೂತಳು, ಒಂದು ಕೈಯಲ್ಲಿ ದೊರೆಯ ಹಗ್ಗ, ಮಡಿಲಲ್ಲಿ ಮುಚ್ಚಳ. ಟೀಚರ್ ಹರೆಯದ ಮಗನ ಮಾತು ಹೇಳಿದಳು, ಜನ ನಕ್ಕರು, ಓರಗಿತ್ತಿ ನಗಲಿಲ್ಲ. ನಿಯಮದ ಸರದಿ ಬಂತು. ಕರೆದು ಕಷ್ಟ ಕೊಡಬಾರದು ಎಂದು ಎಲ್ಲರೂ ಮೂರು ಸಲ ಹೇಳಿದರು. ಓರಗಿತ್ತಿ ಕೈ ಎತ್ತಿದಳು.

"ಟೀಚರ್, ಒಂದ್ವೇಳೆ ಕಷ್ಟ ಕೊಟ್ಟುಬಿಟ್ಟಿದ್ರೆ?"

"ಅಕ್ಕ" ಅನ್ನಲಿಲ್ಲ.

"ಆ ಸದ್ದು ಹೋಯ್ತು," ಎಂದಳು ಟೀಚರ್. "ಅದನ್ನ ಎತ್ತಿಟ್ಟು ಹೊಸ ಸದ್ದು ಹುಡುಕ್ಬೇಕು. ಮೊದಲಿಂದ ಕಲಿಸ್ಬೇಕು. ಒಂದೊಂದೇ ತುತ್ತು."

"ಕೊಟ್ಟವರು ಏನ್ ಮಾಡ್ಬೇಕು?"

"ಕೊಟ್ಟವರು ಕೋಳಿ ತುಂಡು ಬೇಯಿಸಿ ಕೊಡ್ಬೇಕು. ಕರೆಯೋರು ಬೇರೆಯವರೇ ಆಗಿರ್ಬೇಕು. ಪಕ್ಕದಲ್ಲಿ ನಿಂತು ನೋಡ್ಬೇಕು."

ಓರಗಿತ್ತಿ ಸರಿ ಎಂದು ತಲೆಯಾಡಿಸಿದಳು. ಪಾಠ ಮುಗಿದ ಮೇಲೆ ಮುಚ್ಚಳವನ್ನು ಟೀಚರ ಕೈಗಿಟ್ಟು, "ಇದು ನಿಮ್ಮ ಹತ್ರಾನೇ ಇರ್ಲಿ ಅಕ್ಕ" ಎಂದು ಹೊರಟಳು.

ಹೊಸ ಸದ್ದು ಎರಡು ಚಪ್ಪಾಳೆ. ನಲವತ್ತು ದಿನ ಟೀಚರ್ ಕೋಳಿ ಬೇಯಿಸಿದಳು, ಸಣ್ಣಗೆ ಹರಿದಳು, ಬಟ್ಟಲನ್ನು ಮಿಷನ್ನಿನ ಮೇಲಿಟ್ಟು ಪಕ್ಕದಲ್ಲಿ ನಿಂತಳು. ಓರಗಿತ್ತಿಯ ಚಪ್ಪಾಳೆಗೆ ದೊರೆ ಮತ್ತೆ ಮೊದಲು ನಡೆದು ಬಂದ, ಆಮೇಲೆ ಓಡಿ ಬಂದ, ಕಿವಿ ಹಾರಿಸಿಕೊಂಡು. ಪ್ರತಿ ಸಲವೂ ಟೀಚರಿಗೆ ಹೊಟ್ಟೆ ಉರಿಯಿತು. ನಲವತ್ತನೆಯ ದಿನವೂ ಉರಿಯಿತು. ಉರಿ ಹೋಯಿತೆಂದು ಯಾರಾದರೂ ಹೇಳಿದರೆ ಅವಳೇ ನಗುತ್ತಾಳೆ. ದೊರೆ ದೊಡ್ಡವನಾದ ಮೇಲೆ ಕೆಲವು ಸಂಜೆ ತಾನಾಗಿಯೇ ಬಂದು ಅವಳ ಬೆನ್ನಿಗೆ ಒರಗುವುದುಂಟು. ಅವಳು ಮಾತ್ರ ಅವನನ್ನು ಕರೆಯಲು ಹೋಗುವುದಿಲ್ಲ.

ಮುಚ್ಚಳ ಈಗಲೂ ಅವಳ ಪಾಠದ ಚೀಲದಲ್ಲಿದೆ. ನಿಯಮ ಹೇಳಿಸುವ ಮೊದಲು ಅದನ್ನು ಹೊರಗೆ ತೆಗೆದು ಎತ್ತಿ ತೋರಿಸುತ್ತಾಳೆ, ಆದರೆ ಬಡಿಯುವುದಿಲ್ಲ.

"ಇದೊಂದು ಒಳ್ಳೆ ಸದ್ದಾಗಿತ್ತು. ನಾನೇ ಕೆಡಿಸ್ದೆ."

"ಗೊತ್ತಿಲ್ದೇನಾ ಟೀಚರ್?" ಎಂದು ಪ್ರತಿ ತಂಡದಲ್ಲೂ ಯಾರಾದರೊಬ್ಬರು ಕೇಳುತ್ತಾರೆ.

"ಇಲ್ಲ," ಎನ್ನುತ್ತಾಳೆ. "ಹೊಟ್ಟೆಕಿಚ್ಚಿಗೆ."